ನಿಮಗಿದು ಗೊತ್ತೇ? ಚಕ್ರಕ್ಕೆ ನೆನಪಿಲ್ಲ, ಬುಕಿಗೆ ಮರೆವಿಲ್ಲ

“ಕೆಂಪಿಗೆ ನೂರು ಕಟ್ಟು. ಹೋದರೆ ಇನ್ನೂರು, ಅದೂ ಹೋದರೆ ನಾನೂರು. ಒಂದಲ್ಲ ಒಂದು ಸಲ ಕೆಂಪು ಬರಲೇಬೇಕಲ್ಲ ಮಾರಾಯ!” ಗೋವಾದ ಕ್ಯಾಸಿನೊಗೆ ರೂಲೆಟ್ ಆಡಲು ಹೊರಟ ಗೆಳೆಯರ ಗುಂಪಿನಲ್ಲಿ ಈ ಸೂತ್ರ ಬಲ್ಲವನೊಬ್ಬ ಇದ್ದೇ ಇರುತ್ತಾನೆ. ಐಪಿಎಲ್ ಶುರುವಾಯಿತೆಂದರೆ ಇನ್ನೊಬ್ಬನ ಸರದಿ. ಹತ್ತು ವರ್ಷದ ಸ್ಕೋರು, ಪಿಚ್ಚು, ಟಾಸು ಎಲ್ಲವೂ ಅವನ ಎಕ್ಸೆಲ್ ಶೀಟಿನಲ್ಲಿ ಭದ್ರ. ಮೊದಲನೆಯವನ ಲೆಕ್ಕ ಸುಳ್ಳು. ಎರಡನೆಯವನದು ಸುಳ್ಳೇನಲ್ಲ, ಆದರೆ ಅದರ ದುಡ್ಡು ಅವನ ಜೇಬಿಗೆ ಬಂದು ಸೇರುವುದು ಬೇರೆ ಮಾತು.

■ ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳು: 1ರಿಂದ 36 (ಅರ್ಧ ಕೆಂಪು, ಅರ್ಧ ಕಪ್ಪು), ಮೇಲೊಂದು ಸೊನ್ನೆ. ಒಂದೇ ಅಂಕಿಗೆ ಬಾಜಿ ಕಟ್ಟಿ ಗೆದ್ದರೆ ಒಂದಕ್ಕೆ 35ರಂತೆ ಕೊಡುತ್ತಾರೆ. ನ್ಯಾಯವಾಗಿ ಕೊಡಬೇಕಾದ್ದು 36. ಕ್ಯಾಸಿನೊ ಬದುಕುವುದು ಆ ಒಂದರ ಕೊರತೆಯ ಮೇಲೆ. ಸರಾಸರಿ ಹಿಡಿದರೆ ಕಟ್ಟಿದ ಪ್ರತಿ ನೂರು ರೂಪಾಯಿಗೆ 2 ರೂಪಾಯಿ 70 ಪೈಸೆ ಅದರ ಪಾಲು. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ. ಅಲ್ಲಿ ಈ ಪಾಲು 5 ರೂಪಾಯಿ 26 ಪೈಸೆ. ಈಚೆಗೆ ಲಾಸ್ ವೇಗಸ್ಸಿನ ಕೆಲವೆಡೆ ಮೂರನೆಯ ಸೊನ್ನೆಯೂ ಬಂದಿದೆ: 7 ರೂಪಾಯಿ 69 ಪೈಸೆ. ಜನ ಅದನ್ನೂ ಆಡುತ್ತಾರೆ!

■ ಒಂದೇ ಸೊನ್ನೆಯ ಚಕ್ರ ಹೆಸರು ಮಾಡಿದ್ದು 1843ರಲ್ಲಿ, ಜರ್ಮನಿಯ ಬಾಡ್ ಹೋಂಬುರ್ಗ್‌ನಲ್ಲಿ. ತಂದವರು ಫ್ರಾನ್ಸಿನ ಬ್ಲಾಂ ಸಹೋದರರು. ಧರ್ಮಬುದ್ಧಿಯಿಂದಲ್ಲ, ಎರಡು ಸೊನ್ನೆಯ ಅಡ್ಡೆಗಳಿಂದ ಗಿರಾಕಿಗಳನ್ನು ಸೆಳೆಯಲು. ಅವರಲ್ಲೊಬ್ಬನಾದ ಫ್ರಾಂಸ್ವಾ ಬ್ಲಾಂ 1863ರಲ್ಲಿ ಮಾಂಟೆ ಕಾರ್ಲೊ ಕ್ಯಾಸಿನೊವನ್ನು ವಹಿಸಿಕೊಂಡ. ಅಂದಹಾಗೆ, 1ರಿಂದ 36ರವರೆಗೆ ಕೂಡಿದರೆ ಸಿಗುವ ಮೊತ್ತ 666. ಬೈಬಲ್ ಓದಿದವರಿಗೆ ಅದು ‘ಮೃಗ’ದ ಸಂಖ್ಯೆ, ಜನರ ಬಾಯಲ್ಲಿ ಸೈತಾನನ ಸಂಖ್ಯೆ. ಇದು ಬರಿಯ ಕಾಕತಾಳೀಯ.

■ ಸೋತಾಗಲೆಲ್ಲ ಬಾಜಿ ಇಮ್ಮಡಿ ಮಾಡುವ ಆ ಗೋವಾ ಸೂತ್ರದ ಹೆಸರು ಮಾರ್ಟಿಂಗೇಲ್. ನೂರು ರೂಪಾಯಿಯಿಂದ ಶುರುಮಾಡಿ ಸತತ ಹತ್ತು ಸಲ ಸೋತರೆ ಕೈಬಿಟ್ಟುಹೋಗುವ ದುಡ್ಡು 1,02,300 ರೂಪಾಯಿ. ಹತ್ತು ಸಲ ಯಾರು ಸೋಲುತ್ತಾರೆ ಅನ್ನಬೇಡಿ. ಒಂದು ಸೊನ್ನೆಯ ಚಕ್ರದಲ್ಲಿ, ನೂರರಿಂದ ಹೊಸದಾಗಿ ಶುರುಮಾಡಿದ ಸುಮಾರು 784 ಸರದಿಗಳಲ್ಲಿ ಒಮ್ಮೆ ಅದು ಆಗುತ್ತದೆ. ಉಳಿದ 783 ಸಲವೂ ನೀವು ಗೆದ್ದಿರಿ ಎನ್ನಿ. ಪ್ರತಿ ಸಲ ಸಿಕ್ಕಿದ್ದು ನೂರೇ ರೂಪಾಯಿ, ಒಟ್ಟು 78,300. ಒಂದೇ ಒಂದು ಕೆಟ್ಟ ರಾತ್ರಿ ಅದನ್ನೆಲ್ಲ ನುಂಗಿ ಮೇಲೆ 24,000 ಕೇಳುತ್ತದೆ. ಸೂತ್ರ ಹೇಳಿಕೊಡುವವನು ಆ 783 ರಾತ್ರಿಗಳಲ್ಲಿ ಯಾವುದೋ ಒಂದನ್ನು ಕಂಡವನು. ಅವನು ಸುಳ್ಳು ಹೇಳುತ್ತಿಲ್ಲ ಪಾಪ.

■ ಪ್ರತಿ ಮೇಜಿಗೂ ಇಂತಿಷ್ಟೇ ಕಟ್ಟಬೇಕೆಂಬ ಮಿತಿ ಇರುತ್ತದೆ. ಹಾಗಾಗಿ ಕಿಸೆಯಲ್ಲಿ ಕೋಟಿಯಿದ್ದರೂ ಇಮ್ಮಡಿ ಮಾಡುವ ಆಟ ಒಂದು ಹಂತಕ್ಕೆ ನಿಲ್ಲಲೇಬೇಕು.

■ 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಚೆಂಡು ಸತತ 26 ಸಲ ಕಪ್ಪಿನ ಮನೆಗೇ ಬಿತ್ತು. ಹದಿನೈದು ದಾಟುತ್ತಿದ್ದಂತೆ ಜನ ಮುಗಿಬಿದ್ದು ಕೆಂಪಿಗೆ ಸುರಿಯತೊಡಗಿದರು, ‘ಇನ್ನು ಕೆಂಪು ಬರಲೇಬೇಕು’ ಎಂದು. ಕ್ಯಾಸಿನೊಗೆ ಆ ರಾತ್ರಿ ಹಬ್ಬ. 26 ಸಲ ಸತತ ಕಪ್ಪು ಬರುವ ಸಾಧ್ಯತೆ ಸುಮಾರು 13.7 ಕೋಟಿಗೆ ಒಂದು. ಆದರೆ 25 ಸಲ ಬಂದಾದ ಮೇಲೆ 26ನೆಯದೂ ಕಪ್ಪಾಗುವ ಸಾಧ್ಯತೆ? ಮೊದಲ ಸುತ್ತಿನಲ್ಲಿ ಇದ್ದಷ್ಟೇ, 37ರಲ್ಲಿ 18. ಮೇಜಿನ ಪಕ್ಕ ಹಿಂದಿನ ಇಪ್ಪತ್ತು ಅಂಕಿಗಳನ್ನು ತೋರಿಸುವ ಫಲಕ ನಿಲ್ಲಿಸಿರುತ್ತಾರಲ್ಲ, ಅದು ಗಿರಾಕಿಗೆ ಮಾಡುವ ಉಪಕಾರ ಎಂದುಕೊಂಡಿದ್ದೀರಾ?

■ ಈ ತಪ್ಪನ್ನು ದಡ್ಡರಷ್ಟೇ ಮಾಡುವುದಿಲ್ಲ. ಸೋತರೆ ಒಂದು ಏರಿಸು, ಗೆದ್ದರೆ ಒಂದು ಇಳಿಸು ಎಂಬ ಇನ್ನೊಂದು ಪದ್ಧತಿಗೆ ಅಂಟಿರುವುದು 18ನೆಯ ಶತಮಾನದ ಫ್ರೆಂಚ್ ಗಣಿತಜ್ಞ ದಲಾಂಬೇರ್ ಹೆಸರು. ನಾಣ್ಯ ಹಲವು ಸಲ ಒಂದೇ ಕಡೆಗೆ ಬಿದ್ದಿದ್ದರೆ ಮುಂದಿನ ಸಲ ಇನ್ನೊಂದು ಕಡೆಗೆ ಬೀಳುವುದು ಹೆಚ್ಚು ಎಂದು ಆ ಮಹಾಶಯ ನಂಬಿದ್ದ. ಅಂಕಿಗಳ ಸಾಲು ಬರೆದು ಎರಡು ತುದಿಯಿಂದ ಹೊಡೆದುಹಾಕುತ್ತ ಹೋಗುವ ಪದ್ಧತಿಗೆ ಬ್ರಿಟಿಷ್ ರಾಜಕಾರಣಿ, ಪತ್ರಕರ್ತ ಹೆನ್ರಿ ಲಬೂಶೇರ್ ಹೆಸರಿದೆ. ಗಣಿತಜ್ಞ ಫಿಬೊನಾಚಿಯ ಹೆಸರನ್ನೂ ಬಿಟ್ಟಿಲ್ಲ.

■ ಜೇಮ್ಸ್ ಬಾಂಡ್‌ನ ಹೆಸರಿನಲ್ಲೂ ಒಂದು ಸೂತ್ರವಿದೆ. 2,000 ರೂಪಾಯಿಯಲ್ಲಿ 1,400ನ್ನು 19ರಿಂದ 36ರ ಮೇಲೆ, 500ನ್ನು 13ರಿಂದ 18ರ ಮೇಲೆ, ನೂರನ್ನು ಸೊನ್ನೆಯ ಮೇಲೆ ಕಟ್ಟಬೇಕು. 37ರಲ್ಲಿ 25 ಮನೆ ನಿಮ್ಮವು! ಚಕ್ರ ಎಲ್ಲ ಮನೆಗಳಿಗೂ ಒಂದೊಂದು ಸಲ ಬಂತು ಎಂದುಕೊಂಡು ಪೆನ್ನು ಹಿಡಿಯಿರಿ. ದೊಡ್ಡ ಅಂಕಿಗಳಲ್ಲಿ 18 ಸಲ 800ರಂತೆ 14,400. ಮಧ್ಯದ ಆರರಲ್ಲಿ ಸಾವಿರದಂತೆ 6,000. ಸೊನ್ನೆಗೆ 1,600. ಗೆದ್ದದ್ದು ಒಟ್ಟು 22,000. ಇನ್ನು 1ರಿಂದ 12ರವರೆಗೆ ಬಿದ್ದಾಗ ಹನ್ನೆರಡು ಸಲವೂ ಎರಡೆರಡು ಸಾವಿರ ಹೋಯಿತು: 24,000. ನಿವ್ವಳ ನಷ್ಟ 2,000. ಕಟ್ಟಿದ ಒಟ್ಟು ದುಡ್ಡು 74,000. ಎರಡು ಸಾವಿರವನ್ನು ಎಪ್ಪತ್ನಾಲ್ಕು ಸಾವಿರದಿಂದ ಭಾಗಿಸಿ ನೋಡಿ: ಅದೇ ಶೇ. 2.70. ಯಾವ ಸೂತ್ರ ತಂದರೂ ಇದೇ ಅಂಕಿ ಬಾಗಿಲಲ್ಲಿ ನಿಂತಿರುತ್ತದೆ. ಸೂತ್ರದಿಂದ ಬದಲಾಗುವುದು ಸೋಲುವ ಬಗೆ ಮಾತ್ರ. ಒಬ್ಬ ದಿನಾ ಚೂರುಚೂರು ಕಳೆದುಕೊಳ್ಳುತ್ತಾನೆ, ಇನ್ನೊಬ್ಬ ದಿನಾ ಚೂರುಚೂರು ಗೆದ್ದು ಒಂದು ದಿನ ಮನೆಪತ್ರ ಅಡವಿಡುತ್ತಾನೆ.

■ ಹಾಗಿದ್ದೂ ಸಾವಿರ ಸುತ್ತು ಕೆಂಪು-ಕಪ್ಪು ಆಡಿದವರಲ್ಲಿ ಹೆಚ್ಚು ಕಡಿಮೆ ಐವರಲ್ಲೊಬ್ಬ ಲಾಭದಲ್ಲೇ ಇರುತ್ತಾನೆ. ಕೇವಲ ಅದೃಷ್ಟ. ಯೂಟ್ಯೂಬ್‌ನಲ್ಲಿ ಪಾಠ ಹೇಳಲು ಬರುವವನು ಅವನೇ, ಉಳಿದ ನಾಲ್ವರಲ್ಲ.

■ ಸಂಖ್ಯಾಶಾಸ್ತ್ರದ ದಿಗ್ಗಜ ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ, ಪತ್ರಿಕೆಯೊಂದರಲ್ಲಿ ಅಚ್ಚಾಗುತ್ತಿದ್ದ ಮಾಂಟೆ ಕಾರ್ಲೊ ಫಲಿತಾಂಶಗಳನ್ನು ಹಿಡಿದು ಕೂತ. ಕೆಂಪು, ಕಪ್ಪುಗಳ ಒಟ್ಟು ಸಂಖ್ಯೆ ಸರಿಯಿತ್ತು. ಆದರೆ ಒಂದೇ ಬಣ್ಣ ಸತತವಾಗಿ ಬರುವ ಸರಣಿಗಳು ನಂಬಲಾಗದಷ್ಟು ತಾಳ ತಪ್ಪಿದ್ದವು. ಕ್ಯಾಸಿನೊ ಮುಚ್ಚಿ ಆ ದುಡ್ಡನ್ನು ವಿಜ್ಞಾನಕ್ಕೆ ಕೊಡಿ ಎಂದು ಗದರಿದ. ಆದರೆ ಚಕ್ರದ ತಪ್ಪಿರಲಿಲ್ಲ. ಸುದ್ದಿಗಾರರು ಮೇಜಿನ ಬಳಿ ಹೋಗುವ ಶ್ರಮ ತಪ್ಪಿಸಿಕೊಂಡು ತಾವೇ ಅಂಕಿ ಬರೆದಿದ್ದರು ಎಂಬುದು ಆಮೇಲಿನವರು ಕೊಡುವ ವಿವರಣೆ. ಕುಳಿತಲ್ಲೇ ‘ಯದ್ವಾತದ್ವಾ’ ಬರೆಯಲು ಹೊರಟವನು ಒಂದೇ ಬಣ್ಣವನ್ನು ಏಳೆಂಟು ಸಲ ಬರೆಯಲು ಅಂಜುತ್ತಾನೆ. ಚಕ್ರಕ್ಕೆ ಆ ಅಂಜಿಕೆ ಇಲ್ಲ.

■ ಹಾಗಾದರೆ ರೂಲೆಟ್ಟನ್ನು ಯಾರೂ ಗೆದ್ದೇ ಇಲ್ಲವೇ? ಗೆದ್ದಿದ್ದಾರೆ. ಅವರು ಬಾಜಿಯ ಸೂತ್ರ ಹಿಡಿಯಲಿಲ್ಲ, ಚಕ್ರದ ಹುಳುಕು ಹುಡುಕಿದರು. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಜೋಸೆಫ್ ಜಾಗರ್ ಬಟ್ಟೆ ಗಿರಣಿಯ ಯಂತ್ರಗಳ ನಡುವೆ ಬೆಳೆದವನು. ತಿರುಗುವ ಯಾವ ಯಂತ್ರವೂ ನೂರಕ್ಕೆ ನೂರು ಸಮವಾಗಿರದು ಎಂಬುದು ಅವನ ಕಸುಬು ಕಲಿಸಿದ ಪಾಠ. 1880ರ ದಶಕದ ಆರಂಭದಲ್ಲಿ ಮಾಂಟೆ ಕಾರ್ಲೊದ ಚಕ್ರಗಳ ಫಲಿತಾಂಶ ಬರೆಸಿ, ವಾಲಿದ ಚಕ್ರವೊಂದನ್ನು ಪತ್ತೆಮಾಡಿ, ದೊಡ್ಡ ಗಂಟನ್ನೇ ಕಟ್ಟಿಕೊಂಡು ಊರಿಗೆ ಹೋದ. ಮತ್ತೆ ಆಡಲಿಲ್ಲ ಎಂಬುದು ಅವನ ಎರಡನೆಯ ಜಾಣತನ. ನೂರು ವರ್ಷದ ಮೇಲೆ ಮ್ಯಾಡ್ರಿಡ್‌ನಲ್ಲಿ ಗೊನ್ಸಾಲೊ ಗಾರ್ಸಿಯಾ ಪೆಲಾಯೊ ತನ್ನ ಮಕ್ಕಳು, ಬಂಧುಗಳನ್ನು ಕೂರಿಸಿ ಸಾವಿರಾರು ಸುತ್ತು ಬರೆಸಿ ಇದನ್ನೇ ಮಾಡಿದ. ಕ್ಯಾಸಿನೊ ಕೋರ್ಟಿಗೆ ಹೋಯಿತು. 2004ರಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ಪೆಲಾಯೊ ಪರ ನಿಂತಿತು: ನೋಡಿ ಬರೆದುಕೊಳ್ಳುವುದು ಮೋಸವಲ್ಲ.

■ ಲೋಕದ ಮೊಟ್ಟಮೊದಲ ‘ಮೈಮೇಲೆ ತೊಡುವ ಕಂಪ್ಯೂಟರ್’ ಹುಟ್ಟಿದ್ದು ರೂಲೆಟ್‌ಗಾಗಿ. 1961ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್, ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಸೇರಿ ಸಿಗರೇಟು ಪ್ಯಾಕಿನಷ್ಟು ದೊಡ್ಡ ಯಂತ್ರ ಕಟ್ಟಿದರು. ಚೆಂಡು, ಚಕ್ರಗಳ ವೇಗವನ್ನು ಬೂಟಿನೊಳಗಿನ ಹೆಬ್ಬೆರಳಿನಿಂದ ಗುಂಡಿ ಒತ್ತಿ ತಿಳಿಸಿದರೆ, ಚೆಂಡು ಯಾವ ಭಾಗಕ್ಕೆ ಬೀಳಬಹುದೆಂದು ಕಿವಿಯಲ್ಲಿ ಸ್ವರ ನುಡಿಯುತ್ತಿತ್ತು. ಯಂತ್ರ ಕೆಲಸ ಮಾಡಿತು, ಕೂದಲಿನಷ್ಟು ಸಣ್ಣ ತಂತಿ ಮಾತ್ರ ಪದೇಪದೇ ತುಂಡಾಗುತ್ತಿತ್ತು. 1985ರಲ್ಲಿ ನೆವಾಡಾ ರಾಜ್ಯ ಇಂಥ ಉಪಕರಣಗಳನ್ನು ನಿಷೇಧಿಸಿತು. ಕೆಲಸಕ್ಕೆ ಬಾರದ್ದನ್ನು ಯಾರೂ ನಿಷೇಧಿಸುವುದಿಲ್ಲ, ಅಲ್ಲವೇ? ಮಾರ್ಟಿಂಗೇಲ್ ಆಡುವವರನ್ನು ಕ್ಯಾಸಿನೊಗಳು ಹೊರಗಟ್ಟುವುದಿಲ್ಲ.

■ 2004ರ ಮಾರ್ಚಿನಲ್ಲಿ ಲಂಡನ್ನಿನ ರಿಟ್ಸ್ ಕ್ಯಾಸಿನೊದಲ್ಲಿ ಮೂವರು ಸುಮಾರು 13 ಲಕ್ಷ ಪೌಂಡ್ ಗೆದ್ದರು. ಫೋನಿನಲ್ಲಿ ಲೇಸರ್ ಅಡಗಿಸಿದ್ದರೆಂಬ ಅನುಮಾನಕ್ಕೆ ಪೊಲೀಸರು ಹಿಡಿದರು, ತನಿಖೆ ಮಾಡಿದರು, ದುಡ್ಡಿನ ಸಮೇತ ಬಿಟ್ಟರು.

■ ಎಣಿಕೆಯಿಂದ ಜೂಜು ಗೆಲ್ಲುವ ಕಥೆ ನಮ್ಮಲ್ಲಿ ತೀರಾ ಹಳೆಯದು. ಕನಕದಾಸರು ‘ನಳಚರಿತ್ರೆ’ಯಲ್ಲಿ ಹಾಡಿದ ನಳನ ಕಥೆಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ಋತುಪರ್ಣ ರಾಜ ರಥದಲ್ಲಿ ಹೋಗುತ್ತಲೇ ತಾರೆ ಮರವೊಂದನ್ನು ನೋಡಿ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2,095 ಕಾಯಿ ಎಂದುಬಿಡುತ್ತಾನೆ. ನಳ ನಂಬದೆ ಇಳಿದು ಎಣಿಸುತ್ತಾನೆ, ಸರಿಯಿರುತ್ತದೆ. ಆ ಎಣಿಕೆಯ ವಿದ್ಯೆ ‘ಅಕ್ಷಹೃದಯ’. ಕುದುರೆ ವಿದ್ಯೆ ಕೊಟ್ಟು ಅದನ್ನು ಕಲಿತ ಮೇಲೆಯೇ ನಳ ಜೂಜಿನಲ್ಲಿ ಕಳೆದುಕೊಂಡಿದ್ದ ರಾಜ್ಯವನ್ನು ಸೋದರ ಪುಷ್ಕರನಿಂದ ಮರಳಿ ಗೆದ್ದದ್ದು. ಆಗಿನ ಕಾಲದಲ್ಲಿ ಜೂಜಿನ ದಾಳವಾಗುತ್ತಿದ್ದುದೂ ಇದೇ ತಾರೆಕಾಯಿ. ಕೊಂಬೆಯಷ್ಟನ್ನು ಕಂಡು ಒಟ್ಟನ್ನು ಅಂದಾಜು ಮಾಡುವುದಕ್ಕೂ ಜೂಜಿಗೂ ಇರುವ ನಂಟನ್ನು ವ್ಯಾಸರು ಗುರುತಿಸಿದ್ದನ್ನು ಸಂಭಾವ್ಯತೆಯ ಇತಿಹಾಸ ಬರೆದ ಪಾಶ್ಚಾತ್ಯ ವಿದ್ವಾಂಸರೂ ಎತ್ತಿ ಹೇಳಿದ್ದಾರೆ. ಶಕುನಿಯ ಕಥೆಯಷ್ಟು ಇದು ಯಾಕೆ ಮನೆಮಾತಾಗಲಿಲ್ಲವೋ.

■ ಈಗ ಮೈದಾನಕ್ಕೆ ಬನ್ನಿ. ರೂಲೆಟ್‌ನ ದರವನ್ನು ಚಕ್ರದ ರಚನೆಯೇ ನಿಗದಿ ಮಾಡುತ್ತದೆ. ಕ್ರೀಡೆಯ ದರವನ್ನು ಬುಕಿ ಅಂದಾಜಿನಿಂದ ಹಾಕುತ್ತಾನೆ, ಅಂದಾಜು ತಪ್ಪಬಹುದು. 2015-16ರಲ್ಲಿ ಲೆಸ್ಟರ್ ಸಿಟಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆಲ್ಲುತ್ತದೆಂಬುದಕ್ಕೆ ಒಂದಕ್ಕೆ 5,000ದ ದರವಿತ್ತು. ಲೆಸ್ಟರ್ ಗೆದ್ದಿತು. ಎರಡು ಆಟಗಳ ನಡುವಿನ ನಿಜವಾದ ವ್ಯತ್ಯಾಸ ಇಷ್ಟೇ: ಇಲ್ಲಿ ಎದುರಾಳಿ ಮನುಷ್ಯ.

■ ಆದರೆ ಆ ಮನುಷ್ಯನೂ ಪಾಲು ಇಟ್ಟುಕೊಂಡೇ ದರ ಹಾಕುತ್ತಾನೆ. ಸಮಬಲದ ಎರಡು ತಂಡಗಳಿಗೆ ನೂರಕ್ಕೆ ಇನ್ನೂರು ಸಿಗಬೇಕು, ಅವನು ಕೊಡುವುದು 191. ಅಂದರೆ ಪಂಟರ್ ನಷ್ಟವಿಲ್ಲದೆ ಇರಬೇಕಾದರೆ ನೂರರಲ್ಲಿ 52ಕ್ಕಿಂತ ಹೆಚ್ಚು ಸಲ ಸರಿಯಾಗಿರಬೇಕು. 53 ಸುಲಭ ಅನ್ನಿಸುತ್ತದೆ. ನಿಜಕ್ಕೂ 55 ಸಲ ಸರಿ ಹೇಳಬಲ್ಲ ಜಾಣನೂ ಮೊದಲ ನೂರು ಬಾಜಿ ಮುಗಿಸುವಾಗ ನಷ್ಟದಲ್ಲಿರುವ ಸಾಧ್ಯತೆ ನೂರಕ್ಕೆ ಮೂವತ್ತು. ಒಂದು ಐಪಿಎಲ್‌ನಲ್ಲಿ ಗೆದ್ದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

■ ದತ್ತಾಂಶದಿಂದ ಗೆದ್ದವರಲ್ಲಿ ದೊಡ್ಡ ಹೆಸರು ಅಮೆರಿಕದ ಬಿಲ್ ಬೆಂಟರ್. ಇಸ್ಪೀಟೆಲೆ ಎಣಿಸುತ್ತಾನೆಂದು ವೇಗಸ್ ಹೊರಗಟ್ಟಿತು. 1980ರ ದಶಕದ ಮಧ್ಯದಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕುದುರೆ ರೇಸಿಗೆ ಕಂಪ್ಯೂಟರ್ ಮಾದರಿ ಕಟ್ಟಿದ. ಮೊದಮೊದಲು ಸೋತ. ಅವನ ಕೈ ಹಿಡಿದದ್ದು ಒಂದು ವಿನಯದ ಕೆಲಸ: ಸಾರ್ವಜನಿಕರ ಬಾಜಿಯಿಂದ ಮೂಡುವ ದರವನ್ನೂ ಒಂದು ಮಾಹಿತಿಯೆಂದು ತನ್ನ ಲೆಕ್ಕಕ್ಕೆ ಸೇರಿಸಿಕೊಂಡದ್ದು. ತಾನೊಬ್ಬನೇ ಬಲ್ಲೆ ಎಂದು ಕೂತಿದ್ದರೆ ಮುಳುಗುತ್ತಿದ್ದ. 1994ರಲ್ಲಿ ತನ್ನ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದ, ಯಾರು ಬೇಕಾದರೂ ಓದಬಹುದು. ಓದಿದವರೆಲ್ಲ ಬೆಂಟರ್ ಆಗಲಿಲ್ಲ. ಅದಕ್ಕೆ ವರ್ಷಗಟ್ಟಲೆ ಮಾಹಿತಿ, ತಂಡ, ಬಂಡವಾಳ ಎಲ್ಲ ಬೇಕು.

■ ಇಂಗ್ಲಿಷ್ ಫುಟ್‌ಬಾಲ್‌ನ ಬ್ರೈಟನ್, ಬ್ರೆಂಟ್‌ಫರ್ಡ್ ಕ್ಲಬ್ಬುಗಳ ಮಾಲೀಕರಾದ ಟೋನಿ ಬ್ಲೂಮ್, ಮ್ಯಾಥ್ಯೂ ಬೆನಮ್ ಇಬ್ಬರೂ ಅಂಕಿಅಂಶದ ಬೆಟ್ಟಿಂಗ್‌ನಿಂದ ಬೆಳೆದವರು. ಅದೇ ಲೆಕ್ಕಾಚಾರದಲ್ಲಿ ಆಟಗಾರರನ್ನು ಆರಿಸಿ ಬ್ರೆಂಟ್‌ಫರ್ಡ್ 2021ರಲ್ಲಿ 74 ವರ್ಷಗಳ ಬಳಿಕ ಅಗ್ರಶ್ರೇಣಿಗೆ ಏರಿತು. ಈ ವಿದ್ಯೆಯ ಒಳ್ಳೆಯ ಉಪಯೋಗ ಬಹುಶಃ ಇದೇ.

■ ಗೆದ್ದರೆ ಏನಾಗುತ್ತದೆ? ಟೋಕಿಯೊದಲ್ಲಿದ್ದ ಲಿಸಾಂಡ್ರೊ ಕೌನಿಟ್ಸ್ ಮತ್ತು ಇಬ್ಬರು ಸಂಶೋಧಕರು 2017ರಲ್ಲಿ ಬರೆದುಕೊಂಡ ಅನುಭವ ಕೇಳಿ. ಅವರು ಯಾವ ಆಟಗಾರನ ಮಾಹಿತಿಯನ್ನೂ ನೋಡಲಿಲ್ಲ. ಹಲವು ಬುಕಿಗಳ ದರದ ಸರಾಸರಿ ತೆಗೆದು, ಸರಾಸರಿಗಿಂತ ಉದಾರವಾಗಿ ಕೊಡುವವನ ಬಳಿ ಮಾತ್ರ ಕಟ್ಟಿದರು. ಹತ್ತು ವರ್ಷಗಳ 4,79,440 ಫುಟ್‌ಬಾಲ್ ಪಂದ್ಯಗಳ ಮೇಲೆ ಪರೀಕ್ಷಿಸಿದಾಗ ಶೇ. 3.5 ಲಾಭ ಕಂಡಿತು. ಐದು ತಿಂಗಳು ನಿಜವಾದ ದುಡ್ಡಿನಲ್ಲಿ 265 ಬಾಜಿ ಆಡಿದರು: ಶೇ. 8.5 ಲಾಭ, 957 ಡಾಲರ್ ಮತ್ತು ಚಿಲ್ಲರೆ. ಅಷ್ಟರಲ್ಲೇ ಬುಕಿಗಳು ಅವರ ಖಾತೆಗಳಿಗೆ ಕಡಿವಾಣ ಹಾಕತೊಡಗಿದರು; ಕಟ್ಟಬಹುದಾದ ಮೊತ್ತ ಇಳಿಸಿದರು, ಬಾಜಿಗೆ ಕೈಯಿಂದ ಅನುಮತಿ ಬೇಕೆಂದರು. ಸೋಲುವವನಿಗೆ ಬೋನಸ್, ಗೆಲ್ಲುವವನಿಗೆ ಬಾಗಿಲು. ಸಾವಿರ ಡಾಲರಿಗೂ ಬುಕಿಗೆ ಇಷ್ಟು ಉರಿ.

■ ಎಷ್ಟು ಕಟ್ಟಬೇಕು ಎಂಬುದಕ್ಕೂ ಸೂತ್ರವಿದೆ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಕೊಟ್ಟದ್ದು: ನಿಮಗಿರುವ ಮೇಲುಗೈಯನ್ನು ಸಿಗುವ ದರದಿಂದ ಭಾಗಿಸಿ, ಬಂಡವಾಳದ ಅಷ್ಟು ಪಾಲು ಕಟ್ಟಿ. ರೂಲೆಟ್‌ನ ಅಂಕಿಗಳನ್ನು ಅದಕ್ಕೆ ಹಾಕಿದರೆ ಬರುವ ಉತ್ತರ ಸೊನ್ನೆಗಿಂತಲೂ ಕೆಳಗೆ. ಅಂದರೆ ಮನೆಗೆ ಹೋಗಿ.

■ ದತ್ತಾಂಶಕ್ಕೆ ಒಂದು ಕುರುಡುತನವಿದೆ. ಪಂದ್ಯ ಪ್ರಾಮಾಣಿಕವಾಗಿ ನಡೆಯಿತೆಂದೇ ಅದು ನಂಬುತ್ತದೆ. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾ ಕ್ರಿಕೆಟ್ ನಾಯಕ ಹ್ಯಾನ್ಸಿ ಕ್ರೋನಿಯೆಯ ಮೋಸದಾಟದ ಪ್ರಕರಣ ಬಯಲಿಗೆಳೆದಾಗ, ಆ ಸರಣಿಯ ಅಂಕಿಅಂಶ ಬರೆದಿಟ್ಟ ಎಷ್ಟು ನೋಟ್‌ಬುಕ್‌ಗಳು ರದ್ದಿಗೆ ಹೋಗಿರಬೇಕು!

■ ವಾಟ್ಸಾಪ್, ಟೆಲಿಗ್ರಾಂನಲ್ಲಿ ‘ಹತ್ತಕ್ಕೆ ಹತ್ತು ಭವಿಷ್ಯ ನಿಜ’ ಎನ್ನುವವರ ಗುಟ್ಟು ಕೇಳಿ. 1,024 ಜನರಲ್ಲಿ ಅರ್ಧಕ್ಕೆ ‘ಈ ತಂಡ’, ಉಳಿದರ್ಧಕ್ಕೆ ‘ಆ ತಂಡ’ ಎಂದು ಕಳಿಸು. ತಪ್ಪಾದವರನ್ನು ಬಿಡು, ಉಳಿದ 512ರಲ್ಲಿ ಮತ್ತೆ ಅರ್ಧರ್ಧ. ಹತ್ತು ಪಂದ್ಯ ಮುಗಿದಾಗ ಒಬ್ಬ ಉಳಿಯುತ್ತಾನೆ. ಅವನ ಪಾಲಿಗೆ ನೀನು ದೇವರು. ಹನ್ನೊಂದನೆಯದಕ್ಕೆ ಅವನು ಎಷ್ಟು ಕೇಳಿದರೂ ಕೊಡುತ್ತಾನೆ.

■ ನಮ್ಮ ಓಸಿ ಮಟ್ಕಾ? ಹತ್ತು ಅಂಕಿಗಳಲ್ಲಿ ಕಟ್ಟಿದ ಒಂದು ಬಂದರೆ, ಕಟ್ಟಿದ್ದೂ ಸೇರಿ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು. ಅಂದರೆ ನೂರಕ್ಕೆ ಹತ್ತು ರೂಪಾಯಿ ಅಡ್ಡೆಗೆ. ಯುರೋಪಿನ ರೂಲೆಟ್ ಇದರ ಮುಂದೆ ಧರ್ಮಛತ್ರ. ಚೀಟಿ ಬರೆಸಲು ನಿನ್ನೆಯ ಕನಸನ್ನು ಅಂಕಿಗೆ ಇಳಿಸುವವರು ಈ ಲೆಕ್ಕ ಕೇಳಿಸಿಕೊಳ್ಳುವುದಿಲ್ಲ.

■ ಕುದುರೆ ರೇಸು ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿ ನಮ್ಮವನೊಬ್ಬ ಬೆಂಟರ್ ಹುಟ್ಟಬಹುದೇ? ತೆರಿಗೆ ಬಿಡುವುದಿಲ್ಲ. ರೇಸಿನಲ್ಲಿ ಗೆದ್ದದ್ದಕ್ಕೆ ಶೇ. 30 ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಸಾವಿರದಂತೆ ನೂರು ಬಾಜಿ, ಮೇಲೆ ಹೇಳಿದ ನೂರಕ್ಕೆ 191ರ ದರದಲ್ಲಿ 55 ಗೆಲುವು ಎಂದುಕೊಳ್ಳಿ. ಗೆದ್ದದ್ದು 50,050, ಸೋತದ್ದು 45,000, ಕೈಯಲ್ಲಿ ಉಳಿದದ್ದು 5,050. ತೆರಿಗೆ ಮಾತ್ರ ಪೂರ್ತಿ 50,050ರ ಮೇಲೆ: 15,015. ಲೆಕ್ಕದಲ್ಲಿ ಗೆದ್ದವನು ಸುಮಾರು ಹತ್ತು ಸಾವಿರ ಸಾಲಗಾರ. ಇದರ ಮೇಲೆ ಬಾಜಿಗೇ ಜಿಎಸ್‌ಟಿ ಬೇರೆ. ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 40.

■ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದೃಷ್ಟದ ಆಟ, ಕೌಶಲದ ಆಟ ಎಂಬ ಭೇದ ಅದರಲ್ಲಿಲ್ಲ. ಜಾಹೀರಾತು ಮಾಡಿದವರಿಗೂ ಶಿಕ್ಷೆಯಿದೆ. ವಿದೇಶಿ ಆ್ಯಪ್‌ಗಳು ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇರುತ್ತವೆ, ಅಲ್ಲಿ ಗೆದ್ದ ದುಡ್ಡು ಕೊಡದಿದ್ದರೆ ಕೇಳಲು ಹೋಗುವ ಕಚೇರಿ ಯಾವುದೂ ಇಲ್ಲ.

■ ಕೊನೆಗೊಂದು ಅಂಕಿ, ಇದನ್ನು ಬರೆದಿಟ್ಟುಕೊಳ್ಳಿ: 14416. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ‘ಹೋದ ದುಡ್ಡು ವಾಪಸ್ ತಂದೇ ತರುತ್ತೇನೆ’ ಎಂದು ರಾತ್ರಿಯೆಲ್ಲ ಫೋನು ಹಿಡಿದು ಕೂರುತ್ತಿದ್ದರೆ ತಡಮಾಡದೆ ಕರೆ ಮಾಡಿ.